ಆ ಖಾತೆಯಲ್ಲಿ ಯಾರೂ ಇಲ್ಲ, ಆದರೂ ಆ ಹೆಸರು ನಮಗೆ ಯಾಕೆ ಸಿಗಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾವು ಸಾಗರದ ಹತ್ತಿರದ ಹಳ್ಳಿಯವರು. ನಾನು, ನಮ್ಮ ಅತ್ತೆ, ಪಕ್ಕದ ಮನೆಯ ಇಬ್ಬರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಈ ವರ್ಷ ಸ್ವಂತ ಲೇಬಲ್ ಹಾಕೋಣ ಅಂತ ಅಜ್ಜಿಯ ಹೆಸರನ್ನೇ ಇಟ್ಟೆವು. ಇನ್‌ಸ್ಟಾಗ್ರಾಂನಲ್ಲಿ ಆ ಹೆಸರು ಹಾಕಿದರೆ ಸಿಗುತ್ತಿಲ್ಲ. ಯಾರೋ ಮೊದಲೇ ತೆಗೆದುಕೊಂಡಿದ್ದಾರೆ. ಹುಡುಕಿ ನೋಡಿದರೆ ಆ ಖಾತೆಯಲ್ಲಿ ಒಟ್ಟು ಎರಡೇ ಫೋಟೊ. ಮಳೆಯಲ್ಲಿ ನಿಲ್ಲಿಸಿದ ಒಂದು ಬೈಕು, ಒಂದು ಹುಟ್ಟುಹಬ್ಬದ ಕೇಕು. ಎರಡೂ 2015ರವು. ಆಮೇಲೆ ಏನೂ ಇಲ್ಲ. 'ಈ ಹೆಸರು ನಮ್ಮದು, ಬಿಟ್ಟುಕೊಡಿ, ಇಲ್ಲದಿದ್ದರೆ ರಿಪೋರ್ಟ್ ಮಾಡುತ್ತೇವೆ' ಅಂತ ನಾಲ್ಕು ತಿಂಗಳ ಹಿಂದೆ ಮೆಸೇಜ್ ಹಾಕಿದೆ. ಅವರು ಅದನ್ನು ನೋಡಿಯೇ ಇಲ್ಲ. ನೆಂಟರಿಷ್ಟರೆಲ್ಲ ಸೇರಿ ಫೇಕ್ ಅಕೌಂಟ್ ಅಂತ ರಿಪೋರ್ಟ್ ಮಾಡಿದೆವು. ಏನೂ ಆಗಲಿಲ್ಲ. ಈಗ ಒಬ್ಬರು 12,000 ರೂಪಾಯಿ ಕೊಟ್ಟರೆ ಆ ಹೆಸರು ಬಿಡಿಸಿಕೊಡ್ತೀನಿ ಅಂತಿದ್ದಾರೆ. ಲೇಬಲ್ ಪ್ರಿಂಟಿಗೆ ಕೊಡಬೇಕು. ಹತ್ತು ವರ್ಷದಿಂದ ಯಾರೂ ಬಳಸದ ಹೆಸರನ್ನು ಬೇಕಾದವರಿಗೆ ಯಾಕೆ ಕೊಡುವುದಿಲ್ಲ? ನಾನೇನು ಮಾಡಲಿ?

ಉತ್ತರ: ಮೊದಲು ದುಡ್ಡಿನ ಮಾತು. ಆ 12,000 ರೂಪಾಯಿ ಕೊಡಬೇಡಿ. ಅಡ್ವಾನ್ಸ್ ಅಂತ ಐನೂರು ಕೇಳಿದರೂ ಕೊಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇವತ್ತು ಸಂಜೆ ಆ ಮನುಷ್ಯ ಮತ್ತೆ ಫೋನ್ ಮಾಡಿದರೆ 'ಬೇಡ' ಅಂತ ಹೇಳಿ ಇಟ್ಟುಬಿಡಿ.

ಇನ್ನೊಂದು. ನೀವು ಪತ್ರದಲ್ಲಿ ಬರೆದ ಹೆಸರನ್ನು ನಾನು ಇಲ್ಲಿ ಬೇಕಂತಲೇ ಹಾಕಿಲ್ಲ. ಹಾಕಿದರೆ ಯೂಟ್ಯೂಬ್, ಫೇಸ್‌ಬುಕ್, ಡೊಮೈನ್ (ವೆಬ್‌ಸೈಟಿನ ವಿಳಾಸ) ಎಲ್ಲ ಕಡೆ ನಿಮಗಿಂತ ಮೊದಲು ಬೇರೆ ಯಾರಾದರೂ ಅದನ್ನು ಹಿಡಿದಿಡಬಹುದು. ಹೆಸರು ಗಟ್ಟಿಯಾಗುವವರೆಗೆ ನೀವೂ ಅದನ್ನು ಎಲ್ಲೂ ಹೇಳಿಕೊಳ್ಳಬೇಡಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾನು ಹದಿನೈದು ವರ್ಷದಿಂದ ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟು, ಆನ್‌ಲೈನ್ ಖಾತೆ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಇದೇ ಸಂಕಟವನ್ನು ನೇಕಾರರು ಹೇಳಿದ್ದಾರೆ, ಯಕ್ಷಗಾನದ ಮೇಳದವರು ಹೇಳಿದ್ದಾರೆ, ಕಾಲೇಜು ಹುಡುಗರು ಹೇಳಿದ್ದಾರೆ. ಹಬ್ಬದ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ ನೋಡಿ, ಹಾಗೇ ಇದು. ಟವೆಲ್ ಹಾಕಿದವರು ಬಸ್ ಹತ್ತಲೇ ಇಲ್ಲ. ಬಸ್ ಹೊರಟು ಶಿವಮೊಗ್ಗ ದಾಟಿದೆ. ಸೀಟು ಖಾಲಿ, ನೀವು ನಿಂತೇ ಇದ್ದೀರಿ. ಬಸ್ಸಲ್ಲಾದರೆ ಕಂಡಕ್ಟರ್ ಬಂದು ಟವೆಲ್ ತೆಗೆದು 'ಕೂತ್ಕೊಳ್ಳಿ ಅಮ್ಮ' ಅಂತಾರೆ. ಇಲ್ಲಿ ಕಂಡಕ್ಟರ್ ಬರುವುದೇ ಇಲ್ಲ.

ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಒಂದಲ್ಲ, ಮೂರು ನಾಲ್ಕು ಕಾರಣ ಇವೆ. ಕೆಲವು ನಿಜವಾಗಿಯೂ ಒಳ್ಳೆಯ ಕಾರಣ. ಒಂದೆರಡು ಬರೀ ಉದಾಸೀನ. ಅದನ್ನು ಬಿಡಿಸಿ ಹೇಳುತ್ತೇನೆ. ಅದು ಗೊತ್ತಾದರೆ ಎಷ್ಟು ಕಾಯಬೇಕು, ಎಲ್ಲಿ ಕೈಬಿಡಬೇಕು ಅಂತ ನೀವೇ ತೀರ್ಮಾನ ಮಾಡಬಹುದು.

ಮೊದಲನೆಯದು, ಆ ಖಾತೆ ನಿಜಕ್ಕೂ ಪಾಳು ಬಿದ್ದಿದೆಯೇ ಅನ್ನೋದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎರಡು ಫೋಟೊ ಹಾಕಿ ಸುಮ್ಮನಾದವರು ದಿನಾ ರಾತ್ರಿ ಊಟ ಆದ ಮೇಲೆ ಅದೇ ಖಾತೆಯಲ್ಲಿ ರೀಲ್ಸ್ ನೋಡುತ್ತಿರಬಹುದು. ನಮ್ಮ ಮನೆಗಳಲ್ಲೇ ನೋಡಿ, ಎಷ್ಟು ಜನ ಏನೂ ಹಾಕುವುದಿಲ್ಲ, ಬರೀ ನೋಡುತ್ತಾರೆ. ಯಾವಾಗ ಲಾಗಿನ್ ಆದರು ಅನ್ನುವ ಲೆಕ್ಕ ಕಂಪನಿಯ ಹತ್ತಿರ ಮಾತ್ರ ಇರುತ್ತದೆ. ಇನ್ನು ನಿಮ್ಮ ಮೆಸೇಜ್ ವಿಷಯ. ಪರಿಚಯ ಇಲ್ಲದವರು ಕಳಿಸಿದ್ದು ಸಾಮಾನ್ಯವಾಗಿ 'ರಿಕ್ವೆಸ್ಟ್' ಅನ್ನುವ ಬೇರೆ ಜಾಗಕ್ಕೆ ಹೋಗಿ ಬೀಳುತ್ತದೆ. ಜಾಸ್ತಿ ಜನ ಅದನ್ನು ತೆರೆದೇ ನೋಡುವುದಿಲ್ಲ. ಹಾಗಾಗಿ ಅವರು ನೋಡಿಲ್ಲ ಅನ್ನುವುದರಿಂದ ಅಲ್ಲಿ ಯಾರೂ ಇಲ್ಲ ಅಂತ ಹೇಳಲಾಗದು.

ಎರಡನೆಯದು ಬಹಳ ಮುಖ್ಯ. ಯೂಸರ್‌ನೇಮ್ ಅಂದರೆ ಬರೀ ಬೋರ್ಡು ಅಂತ ನಾವು ಅಂದುಕೊಳ್ಳುತ್ತೇವೆ. ಅದು ವಿಳಾಸವೂ ಹೌದು. ವಿಳಾಸ ಬೇರೆಯವರ ಕೈಗೆ ಹೋದರೆ ಹಳಬರ ಕಾಗದಪತ್ರವೂ ಅವರ ಕೈಗೆ ಹೋಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಹೊಸ ಸಿಮ್ ತಂದೆವು. ಎರಡನೇ ದಿನದಿಂದ ಯಾರದೋ ಸಾಲದ ಕಂತಿನ ಮೆಸೇಜು ಶುರುವಾಯಿತು. ಅದು ಹೋಗಲಿ ಅಂದುಕೊಂಡೆವು. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಒಂದು ಶಾಲೆಯಿಂದ ಮೆಸೇಜ್ ಬಂತು: 'ನಿಮ್ಮ ಮಗಳು ಇಂದು ಗೈರುಹಾಜರು.' ನಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗಳೇ ಇಲ್ಲ. ಆ ಮಗು ಮನೆಯಲ್ಲೇ ಜ್ವರ ಬಂದು ಮಲಗಿತ್ತೋ, ಶಾಲೆಗೆ ಅಂತ ಹೊರಟು ತಲುಪಲೇ ಇಲ್ಲವೋ, ನಮಗೆ ಹೇಗೆ ಗೊತ್ತಾಗಬೇಕು? ಶಾಲೆಯ ನಂಬರ್ ಹುಡುಕಿ ಫೋನ್ ಮಾಡಿ, ಇದು ಬೇರೆಯವರ ನಂಬರ್ ಆಗಿದೆ ಅಂತ ಹೇಳಿದಾಗಲೇ ಸಮಾಧಾನ ಆದದ್ದು. ಆ ತಾಯಿಯೋ ತಂದೆಯೋ ನಂಬರ್ ಬಿಟ್ಟಿದ್ದರು. ಶಾಲೆಯ ಪುಸ್ತಕದಲ್ಲಿ ಅದು ಹಾಗೇ ಉಳಿದಿತ್ತು.

ಮೊಬೈಲ್ ನಂಬರ್‌ಗೆ ನಮ್ಮ ದೇಶದಲ್ಲಿ ಒಂದು ಕ್ರಮ ಇದೆ. ಬಂದ್ ಆದ ನಂಬರನ್ನು 90 ದಿನ ಯಾರಿಗೂ ಕೊಡುವಂತಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ, ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಟ್ರಾಯ್ ಇದನ್ನು ಹೇಳಿತು. ಹೊಸ ಮೊಬೈಲಿನಲ್ಲಿ ಆ ನಂಬರ್ ಶುರುವಾದಾಗ, ಹಳೆಯ ಖಾತೆ 45 ದಿನ ಸುಮ್ಮನಿದ್ದಿದ್ದರೆ ವಾಟ್ಸಾಪ್ ಅದರ ಮಾಹಿತಿ ಅಳಿಸುತ್ತದೆ. ಯುಪಿಐ ಐಡಿಗಳ ವಿಷಯದಲ್ಲೂ ಅಷ್ಟೇ. ಒಂದು ವರ್ಷ ಬಳಸದೆ ಬಿಟ್ಟ ಐಡಿಗಳನ್ನು ನಿಲ್ಲಿಸಿ ಅಂತ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2023ರ ನವೆಂಬರ್‌ನಲ್ಲಿ ಬ್ಯಾಂಕು, ಆ್ಯಪ್‌ಗಳಿಗೆ ಸೂಚಿಸಿತು. ನಂಬರ್ ಕೈ ಬದಲಾದ ಮೇಲೆ ಯಾರದೋ ದುಡ್ಡು ಇನ್ಯಾರಿಗೋ ಹೋಗಬಾರದು ಅಂತ. ಇಷ್ಟೆಲ್ಲ ಬೇಲಿ ಹಾಕಿದರೂ ನಮಗೆ ಆ ಶಾಲೆಯ ಮೆಸೇಜ್ ಬಂತು. ಬೇಲಿಯೇ ಇಲ್ಲದೆ ಹೆಸರು ಹಂಚಿದರೆ ಏನಾಗಬಹುದು, ಯೋಚಿಸಿ.

ಒಂದು ದೊಡ್ಡ ಕಂಪನಿ ಇದನ್ನು ಮಾಡಿ ನೋಡಿದೆ. 2013ರ ಜೂನ್‌ನಲ್ಲಿ ಯಾಹೂ ಒಂದು ಘೋಷಣೆ ಮಾಡಿತು. ಹನ್ನೆರಡು ತಿಂಗಳು ಬಳಸದ ಐಡಿಗಳನ್ನೆಲ್ಲ ಬಿಡುಗಡೆ ಮಾಡುತ್ತೇವೆ, ಉಳಿಸಿಕೊಳ್ಳಬೇಕಾದವರು ಜುಲೈ 15ರೊಳಗೆ ಲಾಗಿನ್ ಆಗಿ ಅಂತ. ಹೊಸಬರು ತಮಗೆ ಬೇಕಾದ ಹೆಸರುಗಳ ಪಟ್ಟಿ ಕೊಡಬಹುದಿತ್ತು. ನಿಮ್ಮಂಥವರು ಕೇಳುತ್ತಿದ್ದದ್ದು ಇದನ್ನೇ ಅಲ್ವಾ? ಕೆಲವೇ ತಿಂಗಳಲ್ಲಿ ದೂರು ಶುರುವಾಯಿತು. ಹೊಸ ಮಾಲೀಕರ ಇನ್‌ಬಾಕ್ಸಿಗೆ ಹಳೆಯ ಮಾಲೀಕರ ಪತ್ರಗಳು ಬರತೊಡಗಿದ್ದವು. ಅದರಲ್ಲಿ ಖಾಸಗಿ ವಿಷಯ ಇತ್ತು, ಬೇರೆ ಬೇರೆ ಖಾತೆಗಳ ವಿವರ ಇತ್ತು. ಅದಕ್ಕಿಂತ ಅಪಾಯದ ಮಾತು ಇನ್ನೊಂದು. ಹಳಬರು ಆ ಐಡಿಯನ್ನು ಬೇರೆ ಯಾವುದೋ ಖಾತೆಗೆ ಕೊಟ್ಟಿದ್ದರೆ, ಹೊಸಬರು 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿದರೆ ಸಾಕು, ಬೀಗದ ಕೈ ಇವರ ಕೈಗೇ ಬರುತ್ತದೆ. ಆಮೇಲೆ ಯಾಹೂ 'ಇದು ನನ್ನ ಪತ್ರ ಅಲ್ಲ' ಅಂತ ಹೇಳಲು ಒಂದು ಬಟನ್ ಕೊಟ್ಟಿತು. ಯಾಹೂ ಮತ್ತು ಫೇಸ್‌ಬುಕ್ಕಿನ ಎಂಜಿನಿಯರುಗಳು ಸೇರಿ ಇಮೇಲಿಗೇ ಒಂದು ಹೊಸ ಸಾಲು ಸೇರಿಸುವ ವ್ಯವಸ್ಥೆ ಮಾಡಿದರು. 'ಈ ಪತ್ರ ಇಂಥ ತಾರೀಕಿನಿಂದ ಈ ವಿಳಾಸ ಇಟ್ಟುಕೊಂಡವರಿಗೆ ಮಾತ್ರ' ಅಂತ ಆ ಸಾಲು ಹೇಳುತ್ತದೆ. ವಿಳಾಸ ಆಮೇಲೆ ಕೈ ಬದಲಾಗಿದ್ದರೆ ಪತ್ರ ವಾಪಸ್. 2014ರ ಜುಲೈಯಲ್ಲಿ ಅದು ಆರ್‌ಎಫ್‌ಸಿ 7293 ಅನ್ನುವ ಹೆಸರಿನಲ್ಲಿ, ಇಂಟರ್‌ನೆಟ್ಟಿನ ನಿಯಮಗಳ ಸಾಲಿನಲ್ಲಿ ಪ್ರಕಟವಾಯಿತು. ಒಳ್ಳೆಯ ಯೋಚನೆ. ಆದರೆ ಪತ್ರ ಕಳಿಸುವ ಪ್ರತಿಯೊಬ್ಬರೂ ಅದನ್ನು ಹಾಕಿದರೆ ಮಾತ್ರ ಉಪಯೋಗ.

ಜಿಮೇಲ್‌ನವರು ಇದರಲ್ಲಿ ಮೊದಲಿಂದಲೂ ಗಟ್ಟಿ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುತ್ತೇವೆ ಅಂತ ಗೂಗಲ್ 2023ರ ಮೇ ತಿಂಗಳಲ್ಲಿ ಹೇಳಿತು. ಆ ವರ್ಷದ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿತು. ಆದರೆ ಅಳಿಸಿದ ಜಿಮೇಲ್ ವಿಳಾಸವನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಖಾತೆ ಹೋಗುತ್ತದೆ, ಹೆಸರು ಯಾರಿಗೂ ಇಲ್ಲ. ಚರ್ಚೆಯ ತಾಣ ರೆಡ್ಡಿಟ್ ಕೂಡ ಅಳಿಸಿದ ಹೆಸರನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ಬೇಕಾದವರಿಗೆ ಇದು ಹೊಟ್ಟೆಯುರಿಯುವ ಮಾತು, ನಿಜ. ಆದರೆ ಇಮೇಲ್ ವಿಷಯದಲ್ಲಿ ಅವರು ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಇಮೇಲ್ ಅನ್ನೋದು ಉಳಿದ ಎಲ್ಲ ಖಾತೆಗಳ ಬೀಗದ ಕೈ ಇಟ್ಟ ಡಬ್ಬಿ.

ಮೂರನೆಯ ಕಾರಣ ಬೇರೆ ಥರದ್ದು. 2019ರ ನವೆಂಬರ್‌ನಲ್ಲಿ ಟ್ವಿಟರ್, ಆರು ತಿಂಗಳಿಗಿಂತ ಹೆಚ್ಚು ಲಾಗಿನ್ ಆಗದ ಖಾತೆಗಳನ್ನು ಡಿಸೆಂಬರ್ 11ರಿಂದ ತೆಗೆಯುತ್ತೇವೆ ಅಂದಿತು. ಹೆಸರು ಕಾಯುತ್ತಿದ್ದವರಿಗೆ ಖುಷಿ. ಆದರೆ ತೀರಿಕೊಂಡವರ ಮನೆಯವರು ಎದ್ದು ನಿಂತರು. ನಮ್ಮ ಅಪ್ಪ ಬರೆದದ್ದು ಅಲ್ಲಿದೆ, ನಮ್ಮ ತಂಗಿ ಬರೆದದ್ದು ಅಲ್ಲಿದೆ, ಅದು ಅಳಿಸಿ ಹೋದರೆ ನಮಗೆ ಮತ್ತೆಲ್ಲಿ ಸಿಗುತ್ತದೆ ಅಂತ. ಮಾರನೇ ದಿನವೇ ಟ್ವಿಟರ್ ಅದನ್ನು ನಿಲ್ಲಿಸಿತು. ತೀರಿಕೊಂಡವರ ಖಾತೆಯನ್ನು ನೆನಪಾಗಿ ಉಳಿಸುವ ದಾರಿ ಕಾಣುವವರೆಗೆ ಯಾವುದನ್ನೂ ಮುಟ್ಟುವುದಿಲ್ಲ ಅಂದಿತು.

ನನ್ನ ಒಬ್ಬ ಗೆಳೆಯನ ಖಾತೆ ಹೀಗೇ ಇದೆ. ಅವನು ಹೋಗಿ ಎಂಟು ವರ್ಷ. ಕೊನೆಯ ಪೋಸ್ಟು ಅಂಗಳದಲ್ಲಿ ಒಣಹಾಕಿದ ಅಡಿಕೆಯದ್ದು, ಮಳೆ ಬರುವ ಹಾಗಿದೆ ಅಂತ ಬರೆದಿದ್ದಾನೆ. ಹೊರಗಿನಿಂದ ನೋಡಿದವರಿಗೆ ಅದೊಂದು ಪಾಳು ಖಾತೆ. ನಾನು ವರ್ಷಕ್ಕೊಮ್ಮೆಯಾದರೂ ಹೋಗಿ ನೋಡುತ್ತೇನೆ. ಆ ಹೆಸರಲ್ಲಿ ನಾಳೆ ಯಾರೋ ಶೂ ಮಾರಲು ಶುರು ಮಾಡಿದರೆ ನನಗೆ ಏನನ್ನಿಸುತ್ತದೆ ಅಂತ ಹೇಳಲಾರೆ. ನೀವು ನೋಡಿದ ಆ ಬೈಕು, ಆ ಕೇಕು ಯಾರದ್ದು, ಅವರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಿಲ್ಲ.

ಇಷ್ಟು ಹೇಳಿದ ಮೇಲೂ ನಾನು ಕಂಪನಿಗಳ ಪರ ವಹಿಸುವುದಿಲ್ಲ. 'ಕೊಡಲು ಆಗುವುದಿಲ್ಲ' ಅನ್ನೋದು ಬೇರೆ, 'ಕೇಳಲು ಜಾಗವೇ ಇಲ್ಲ' ಅನ್ನೋದು ಬೇರೆ. ಇನ್‌ಸ್ಟಾಗ್ರಾಂ ಬಳಸದೆ ಬಿದ್ದಿರುವ ಹೆಸರಿಗೆ ಅರ್ಜಿ ಹಾಕುವ ವ್ಯವಸ್ಥೆಯನ್ನೇ ಇಟ್ಟಿಲ್ಲ. ಚುಕ್ಕಿ, ಅಂಕಿ, ಅಂಡರ್‌ಸ್ಕೋರ್ ಸೇರಿಸಿ ಬೇರೆ ಹೆಸರು ಮಾಡಿಕೊಳ್ಳಿ ಅನ್ನುತ್ತದೆ, ಅಷ್ಟೇ. ಇದಕ್ಕಿಂತ ಚೆನ್ನಾಗಿ ಮಾಡಬಹುದು. ಮಾಡಿ ತೋರಿಸಿದವರೂ ಇದ್ದಾರೆ.

ವಿಕಿಪೀಡಿಯ ನೋಡಿ. ಅಲ್ಲಿ ಒಂದೇ ಒಂದು ಸಂಪಾದನೆಯನ್ನೂ ಮಾಡದೆ ಬಿದ್ದಿರುವ ಖಾತೆಯ ಹೆಸರನ್ನು ನೀವು ಕೇಳಬಹುದು. ಹಳೆಯ ಖಾತೆಯವರಿಗೆ ನೋಟಿಸ್ ಹಾಕುತ್ತಾರೆ, ಕೆಲವು ದಿನ ಕಾಯುತ್ತಾರೆ, ಅವರು ಬೇಡ ಅನ್ನದಿದ್ದರೆ ಆ ಖಾತೆಗೆ ಬೇರೆ ಹೆಸರಿಟ್ಟು ಇದನ್ನು ನಿಮಗೆ ಕೊಡುತ್ತಾರೆ. ಗಮನಿಸಿ, ಅಲ್ಲಿ ಖಾತೆ ಅಳಿಯುವುದಿಲ್ಲ. ಹೆಸರು ಮಾತ್ರ ಬದಲಾಗುತ್ತದೆ. ಅದೇ ಖಾತೆಯಿಂದ ಗಣನೀಯವಾಗಿ ಲೇಖನ ತಿದ್ದಿದ್ದರೆ ಮಾತ್ರ ಸಾಮಾನ್ಯವಾಗಿ ಕೊಡುವುದಿಲ್ಲ. ವಿಕಿಪೀಡಿಯದ ಪರವಾನಗಿಯ ಪ್ರಕಾರ ಬರೆದವರಿಗೆ ಅವರ ಹೆಸರಿನ ಮನ್ನಣೆ ಸಿಗಲೇಬೇಕು. ಒಬ್ಬರು ಬರೆದದ್ದು ಇನ್ನೊಬ್ಬರ ಲೆಕ್ಕಕ್ಕೆ ಹೋಗಬಾರದು. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯಕ್ಕೂ ಇದೇ ಕ್ರಮ. ಅಲ್ಲಿ ಕನ್ನಡ ಅಕ್ಷರದಲ್ಲೇ ಹೆಸರು ಇಟ್ಟುಕೊಳ್ಳಬಹುದು, ಇದನ್ನೂ ಹೇಳಿಬಿಡುತ್ತೇನೆ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರೂ ಒಂದು ನಿಯಮ ಬರೆದಿಟ್ಟುಕೊಂಡಿದ್ದಾರೆ. ಅವರ ಭಂಡಾರದಲ್ಲಿ ಒಂದು ಪ್ಯಾಕೇಜ್ (ಬೇರೆಯವರೂ ಬಳಸಲು ಇಟ್ಟ ಸಿದ್ಧ ಪ್ರೋಗ್ರಾಂ) ಕೈಬಿಟ್ಟದ್ದು ಅನ್ನಿಸಿಕೊಳ್ಳಬೇಕಾದರೆ ಮಾಲೀಕರು ಸಂಪರ್ಕಕ್ಕೆ ಸಿಗಬಾರದು, ಹನ್ನೆರಡು ತಿಂಗಳಿಂದ ಹೊಸ ಆವೃತ್ತಿ ಬಂದಿರಬಾರದು, ಅದರ ಪುಟದಲ್ಲೂ ಮಾಲೀಕರ ಸುಳಿವು ಇರಬಾರದು. ಮೂರೂ ಇದ್ದರೆ ಮಾತ್ರ. ಮಾಲೀಕರಿಗೆ ಕನಿಷ್ಠ ಮೂರು ಸಲ ಸುದ್ದಿ ಕಳಿಸಿ, ಆರು ವಾರದವರೆಗೆ ಕಾಯುತ್ತಾರೆ. ಅದಾದ ಮೇಲೂ ಹೆಸರು ಇನ್ನೊಬ್ಬರಿಗೆ ಹೋಗಬೇಕಾದರೆ ಬೇರೆ ಷರತ್ತುಗಳಿವೆ. ಹೆಚ್ಚು ಕಡಿಮೆ ಸ್ವಯಂಸೇವಕರೇ ನಡೆಸುವ ಕಡೆ ಇಷ್ಟು ಆಗುತ್ತದೆ ಅಂದರೆ, ಕೋಟಿಗಟ್ಟಲೆ ದುಡ್ಡಿರುವ ಕಂಪನಿಗೆ ಆಗುವುದಿಲ್ಲವೇ? ಕಂಡಕ್ಟರ್‌ಗೆ ಸಂಬಳ ಕೊಡಲು ಅವರಿಗೆ ಮನಸ್ಸಿಲ್ಲ. ನನ್ನ ಅಭಿಪ್ರಾಯ ಇಷ್ಟೇ, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಇನ್ನು ಕೆಲವರು ಬೇರೆ ದಾರಿ ಹಿಡಿದಿದ್ದಾರೆ, ಹೆಸರನ್ನೇ ಮಾರುವುದು. ಟೆಲಿಗ್ರಾಂ ಹೆಸರುಗಳು 2022ರಿಂದ ಫ್ರಾಗ್ಮೆಂಟ್ ಅನ್ನುವ ಕಡೆ ಹರಾಜಾಗುತ್ತಿವೆ. ಟ್ವಿಟರ್‌ನಲ್ಲಿ 150 ಕೋಟಿ ಖಾತೆಗಳ ಹೆಸರು ಬಿಡುಗಡೆ ಮಾಡುತ್ತೇವೆ ಅಂತ 2022ರ ಡಿಸೆಂಬರ್‌ನಲ್ಲಿ ಎಲಾನ್ ಮಸ್ಕ್ ಹೇಳಿದ್ದರು. ಅದು ಕೊನೆಗೆ ಬಂದು ನಿಂತದ್ದು 2025ರ ಅಕ್ಟೋಬರ್‌ನಲ್ಲಿ ಎಕ್ಸ್ (ಟ್ವಿಟರ್‌ನ ಈಗಿನ ಹೆಸರು) ಪ್ರಕಟಿಸಿದ ಹ್ಯಾಂಡಲ್ (ಯೂಸರ್‌ನೇಮ್) ಮಾರುಕಟ್ಟೆಯಲ್ಲಿ. ದುಬಾರಿ ಚಂದಾ ಕಟ್ಟುವವರು ಹಳೆಯ ಹೆಸರು ಕೇಳಬಹುದು, ಅಪರೂಪದ ಹೆಸರಿಗೆ ಪ್ರತ್ಯೇಕ ಬೆಲೆ. ನಾಲ್ಕು ಹೆಂಗಸರು ಸೇರಿ ಮಿಡಿ ಹಾಕುವ ಮನೆಗೆ ಇದು ದಾರಿಯೇ ಅಲ್ಲ.

ಹೆಸರಿಗೆ ಬೆಲೆ ಬಂದ ಕೂಡಲೇ ಕಳ್ಳರೂ ಬರುತ್ತಾರೆ. 2020ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. ಟೆನ್ನೆಸ್ಸೀ ರಾಜ್ಯದಲ್ಲಿದ್ದ 60 ವರ್ಷದ ಒಬ್ಬರ ಹತ್ತಿರ ಟ್ವಿಟರ್‌ನಲ್ಲಿ 'ಟೆನ್ನೆಸ್ಸೀ' ಅನ್ನುವ ಹ್ಯಾಂಡಲ್ ಇತ್ತು. ಅದನ್ನು ಬಿಟ್ಟುಕೊಡಲಿ ಅಂತ ಹುಡುಗರ ಒಂದು ಗುಂಪು ಕಾಡಿತು. ಅವರ ಮನೆಯಲ್ಲಿ ಕೊಲೆಯಾಗಿದೆ ಅಂತ ಸುಳ್ಳು ಹೇಳಿ ಪೊಲೀಸರನ್ನು ಕಳಿಸಿತು. ಬಂದೂಕು ಹಿಡಿದ ಪೊಲೀಸರು ಬಂದು ನಿಂತಾಗ ಅವರು ಹೃದಯಾಘಾತವಾಗಿ ತೀರಿಕೊಂಡರು. ಆರೋಪಿಗಳಲ್ಲಿ ಒಬ್ಬನಿಗೆ 2021ರಲ್ಲಿ ಐದು ವರ್ಷ ಜೈಲಾಯಿತು. ಬರೀ ಒಂದು ಹೆಸರಿಗಾಗಿ ಇಷ್ಟು.

ನಿಮಗೆ ಫೋನ್ ಮಾಡಿದ ಮನುಷ್ಯನ ವಿಷಯಕ್ಕೆ ಬರುತ್ತೇನೆ. ಅವನು ಏನೇನು ಮಾಡಬಹುದು? ಒಂದು, ದುಡ್ಡು ತೆಗೆದುಕೊಂಡು ನಾಪತ್ತೆಯಾಗಬಹುದು. ಹೆಚ್ಚಾಗಿ ಆಗುವುದು ಇದೇ. ಇಲ್ಲದಿದ್ದರೆ ಆ ಖಾತೆಗೆ ಕೊಟ್ಟಿರುವ ಹಳೆಯ ಇಮೇಲ್ ಅಥವಾ ನಂಬರನ್ನು ಹೇಗಾದರೂ ಹಿಡಿದು, ಪಾಸ್‌ವರ್ಡ್ ಬದಲಿಸಿ, ಖಾತೆಯನ್ನೇ ಕದ್ದು ನಿಮಗೆ ಕೊಡಬಹುದು. ಬೇರೆಯವರ ಪಾಸ್‌ವರ್ಡ್ ಅಥವಾ ಗುರುತನ್ನು ಮೋಸದಿಂದ ಬಳಸುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ಕದ್ದ ಮಾಲನ್ನು ಗೊತ್ತಿದ್ದೂ ಕೊಂಡವರು ನೀವಾಗುತ್ತೀರಿ. ಯೂಸರ್‌ನೇಮ್ ಕೊಳ್ಳುವುದು ಮಾರುವುದು ಇನ್‌ಸ್ಟಾಗ್ರಾಂ ನಿಯಮಕ್ಕೇ ವಿರುದ್ಧ. 2021ರ ಫೆಬ್ರುವರಿಯಲ್ಲಿ ಇನ್‌ಸ್ಟಾಗ್ರಾಂ, ಟ್ವಿಟರ್, ಟಿಕ್‌ಟಾಕ್ ಮೂರೂ ಒಟ್ಟಿಗೆ ಇಂಥ ಕದ್ದ ಹೆಸರಿನ ನೂರಾರು ಖಾತೆಗಳನ್ನು ಬಂದ್ ಮಾಡಿದವು. ಲೇಬಲ್ ಅಚ್ಚಾಗಿ, ಭರಣಿಗೆ ಅಂಟಿಸಿ, ಮೂರು ಸಾವಿರ ಜನ ಫಾಲೋ ಮಾಡಿದ ಮೇಲೆ ಖಾತೆ ಹೋದರೆ? ಈಗಿನ ಸಂಕಟಕ್ಕಿಂತ ಅದು ದೊಡ್ಡದು.

ರಿಪೋರ್ಟ್ ಮಾಡಿಸಿದ್ದು ಕೂಡ ಸರಿಯಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆ ಖಾತೆ ಫೇಕ್ ಅಲ್ಲ. ನಿಮ್ಮ ಹೆಸರಲ್ಲಿ ನಟಿಸುತ್ತಿಲ್ಲ. ನಿಮ್ಮ ಲೇಬಲ್ ಹುಟ್ಟುವ ಎಷ್ಟೋ ವರ್ಷ ಮೊದಲೇ ಅದು ಅಲ್ಲಿತ್ತು. ಒಂದು ವೇಳೆ ರಿಪೋರ್ಟಿನಿಂದ ಅದು ಬಂದ್ ಆದರೂ ಹೆಸರು ನಿಮಗೆ ಸಿಗುತ್ತದೆ ಅನ್ನುವ ಖಾತರಿ ಇಲ್ಲ. ನೆಂಟರಿಗೆಲ್ಲ ಇನ್ನು ಸಾಕು ಅಂತ ಹೇಳಿ.

ಕಾನೂನಿನ ದಾರಿ ಇದೆಯೇ ಅಂತ ಕೇಳಿದ್ದೀರಿ ಅಂದುಕೊಳ್ಳಿ. ಟ್ರೇಡ್‌ಮಾರ್ಕ್ ಇದೆ. ಒಬ್ಬ ವ್ಯಕ್ತಿಯಾಗಿ ಅಥವಾ ಸಣ್ಣ ಉದ್ಯಮವಾಗಿ ಆನ್‌ಲೈನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ. ಉಪ್ಪಿನಕಾಯಿ 29ನೇ ವರ್ಗಕ್ಕೆ ಬರುತ್ತದೆ, ಮುಂದೆ ಮಸಾಲೆಪುಡಿಯೂ ಮಾಡುವುದಾದರೆ ಅದು 30ನೇ ವರ್ಗ. ನೋಂದಣಿ ಆದರೆ ಹತ್ತು ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಇದನ್ನು ಖಂಡಿತ ಮಾಡಿಸಿ. ನಾಳೆ ಯಾರಾದರೂ ನಿಮ್ಮ ಹೆಸರಲ್ಲೇ ಉಪ್ಪಿನಕಾಯಿ ಮಾರಲು ಬಂದರೆ ಆಗ ಬೇಕಾಗುತ್ತದೆ. ಆದರೆ ಈ ಬೈಕು-ಕೇಕಿನ ಖಾತೆಯ ಮೇಲೆ ಅದು ನಡೆಯುವುದಿಲ್ಲ. ಅವರು ಏನೂ ಮಾರುತ್ತಿಲ್ಲ, ನಿಮ್ಮ ಗಿರಾಕಿಗಳನ್ನು ದಾರಿ ತಪ್ಪಿಸುತ್ತಿಲ್ಲ. ಟ್ರೇಡ್‌ಮಾರ್ಕ್ ಇದ್ದರೆ ಹೆಸರು ತಾನಾಗಿ ಸಿಗುತ್ತದೆ ಅಂತ ಯಾರಾದರೂ ಫೀಸು ಕೇಳಿದರೆ ನಂಬಬೇಡಿ.

2025ರ ನವೆಂಬರ್‌ನಲ್ಲಿ ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳು ಬಂದವು. ಮೂರು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಲೇಬೇಕಂತೆ ಅಂತ ಒಂದು ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅರ್ಧ ನಿಜ. ಭಾರತದಲ್ಲಿ ಎರಡು ಕೋಟಿ ಅಥವಾ ಅದಕ್ಕಿಂತ ಹೆಚ್ಚು ಬಳಕೆದಾರರಿರುವ ಸೋಶಿಯಲ್ ಮೀಡಿಯಾಗಳು, ಮೂರು ವರ್ಷ ತಮ್ಮ ಕಡೆ ಬರದವರ ಮಾಹಿತಿಯನ್ನು 48 ಗಂಟೆ ಮೊದಲು ತಿಳಿಸಿ ಅಳಿಸಬೇಕು ಅಂತ ಅದರಲ್ಲಿದೆ. ಆದರೆ ಬಳಕೆದಾರರು ತಮ್ಮ ಖಾತೆಯೊಳಗೆ ಬರಲು ಬೇಕಾದ ಮಾಹಿತಿಗೆ ವಿನಾಯಿತಿ ಇದೆ. ಯೂಸರ್‌ನೇಮ್ ಆ ಕಡೆಗೇ ಬೀಳುತ್ತದೆ ಅಂತ ನನಗನ್ನಿಸುತ್ತದೆ. ಅದನ್ನು ನಂಬಿಕೊಂಡು ಲೇಬಲ್ ನಿಲ್ಲಿಸಬೇಡಿ.

ಹಾಗಾದರೆ ಏನು ಮಾಡುವುದು?

ಆ ಖಾತೆಗೆ ಇನ್ನೊಂದೇ ಒಂದು ಮೆಸೇಜ್ ಹಾಕಿ, ಈ ಸಲ ಬೇರೆ ಧಾಟಿಯಲ್ಲಿ. ಮೊದಲ ಮೆಸೇಜಿನ ಬೆದರಿಕೆಗೆ ಕ್ಷಮೆ ಕೇಳಿ. ನಾವು ಸಾಗರದವರು, ಅಜ್ಜಿಯ ಹೆಸರಲ್ಲಿ ಉಪ್ಪಿನಕಾಯಿ ಮಾಡುತ್ತೇವೆ, ನೀವು ಈ ಹೆಸರು ಬಳಸದಿದ್ದರೆ ಬೇರೆ ಹೆಸರಿಗೆ ಬದಲಿಸಿಕೊಳ್ಳಲು ಸಾಧ್ಯವೇ, ಆಗದಿದ್ದರೂ ಬೇಜಾರಿಲ್ಲ ಅಂತ ಬರೆಯಿರಿ. ಅವರು ಒಪ್ಪಿದರೆ ಪಾಸ್‌ವರ್ಡ್ ಕೇಳಬೇಡಿ, ಖಾತೆ ಕೇಳಬೇಡಿ. ಇಬ್ಬರೂ ಫೋನಿನಲ್ಲಿ ಮಾತಾಡುತ್ತಲೇ ಅವರು ತಮ್ಮ ಯೂಸರ್‌ನೇಮ್ ಬದಲಿಸಲಿ, ಮರುಕ್ಷಣ ನೀವು ನಿಮ್ಮದನ್ನು ಬದಲಿಸಿ. ಹೆಸರು ಬದಲಿಸಿದ ಮೇಲೂ 14 ದಿನ ಹಳೆಯದಕ್ಕೆ ಮರಳುವ ಅವಕಾಶವನ್ನು ಇನ್‌ಸ್ಟಾಗ್ರಾಂ ಸಾಮಾನ್ಯವಾಗಿ ಇಡುತ್ತದೆ. ಹಾಗಾಗಿ ಆ ಹೆಸರು ಆ ಕ್ಷಣಕ್ಕೆ ಸಿಗದೆಯೂ ಇರಬಹುದು. ಗಾಬರಿ ಬೇಡ, ಎರಡು ವಾರ ಬಿಟ್ಟು ನೋಡಿ. ಉತ್ತರ ಬರದಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಲೇಬಲ್ ಅದಕ್ಕೆ ಕಾಯಬಾರದು. ಅಜ್ಜಿಯ ಹೆಸರಿನ ಜೊತೆ ಒಂದು ಪದ ಸೇರಿಸಿ. ನಿಮ್ಮ ಪತ್ರದಲ್ಲೇ ಒಂದು ಕಡೆ 'ಅಜ್ಜಿಯ ಭರಣಿ ಇನ್ನೂ ನಮ್ಮ ಅಟ್ಟದ ಮೇಲಿದೆ' ಅಂತ ಬರೆದಿದ್ದೀರಿ. ಭರಣಿ ಎಷ್ಟು ಒಳ್ಳೆಯ ಪದ! ಮಿಡಿ ಅಂತ ಸೇರಿಸಬಹುದು, ಸಾಗರ ಅಂತ ಸೇರಿಸಬಹುದು. 'ಅಫಿಷಿಯಲ್' ಅಂತ ಮಾತ್ರ ಬೇಡ. ಎರಡೆರಡು ಅಂಡರ್‌ಸ್ಕೋರ್, ಕೊನೆಗೆ 123, ಇವೂ ಬೇಡ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಇನ್‌ಸ್ಟಾಗ್ರಾಂ ಯೂಸರ್‌ನೇಮ್ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ದೀರ್ಘಕ್ಕೆ ಒಬ್ಬರು ಎರಡು 'ಎ' ಹಾಕುತ್ತಾರೆ, ಇನ್ನೊಬ್ಬರು ಒಂದೇ ಹಾಕುತ್ತಾರೆ. ಶ-ಷ-ಸ, ಲ-ಳ ಅಂತೂ ಕೇಳಲೇಬೇಡಿ. ಹಾಗಾಗಿ ಒಂದು ಪರೀಕ್ಷೆ ಮಾಡಿ. ಬೇರೆ ಊರಲ್ಲಿರುವ ನಿಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿ ಹೆಸರನ್ನು ಒಂದು ಸಲ ಮಾತ್ರ ಹೇಳಿ, ಟೈಪ್ ಮಾಡಿ ವಾಟ್ಸಾಪ್ ಮಾಡಲು ಹೇಳಿ. ಅವರು ಸರಿಯಾಗಿ ಬರೆದರೆ ಆ ಹೆಸರು ಪಾಸು. ಮೂರು ಜನರಿಗೆ ಹೀಗೆ ಮಾಡಿ. ಎರಡು ಸ್ಪೆಲ್ಲಿಂಗ್ ಬಂದರೆ ಎರಡನ್ನೂ ನೀವೇ ತೆಗೆದಿಟ್ಟುಕೊಳ್ಳಿ, ಒಂದರಲ್ಲಿ 'ನಾವು ಇಲ್ಲಿದ್ದೇವೆ' ಅಂತ ಇನ್ನೊಂದರ ವಿಳಾಸ ಹಾಕಿ. ಆದರೆ ಹತ್ತು ಹೆಸರು ಹಿಡಿದಿಡಬೇಡಿ. ಹಾಗೆ ಮಾಡಿದರೆ ಇನ್ನೊಬ್ಬರ ದಾರಿಗೆ ನಾವೇ ಟವೆಲ್ ಹಾಕಿದ ಹಾಗೆ.

ಯೂಸರ್‌ನೇಮ್ ಬೇರೆ, ಮೇಲೆ ಕಾಣುವ ಹೆಸರು ಬೇರೆ. ಮೇಲಿನ ಹೆಸರು ಎಷ್ಟು ಜನರಿಗೆ ಬೇಕಾದರೂ ಒಂದೇ ಇರಬಹುದು, ಕನ್ನಡದಲ್ಲೂ ಬರೆಯಬಹುದು. ಅಲ್ಲಿ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಪೂರ್ತಿ ಬರೆಯಿರಿ, ಪಕ್ಕದಲ್ಲಿ ಅಪ್ಪೆಮಿಡಿ ಅಂತ ಸೇರಿಸಿ. ಯಾರಾದರೂ ಹುಡುಕಿದಾಗ ಇನ್‌ಸ್ಟಾಗ್ರಾಂ ಈ ಹೆಸರನ್ನೂ ನೋಡುತ್ತದೆ. ಇದನ್ನು 14 ದಿನದಲ್ಲಿ ಎರಡೇ ಸಲ ಬದಲಿಸಬಹುದು, ಹಾಗಾಗಿ ಯೋಚಿಸಿ ಬರೆಯಿರಿ.

ಎಲ್ಲಕ್ಕಿಂತ ಮುಖ್ಯ, ಲೇಬಲ್ ಮೇಲೆ ಇನ್‌ಸ್ಟಾಗ್ರಾಂ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಿಸಬೇಡಿ. ಒಂದು ಡೊಮೈನ್ ತೆಗೆದುಕೊಳ್ಳಿ. 'ಡಾಟ್ ಇನ್' ಆದರೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಡೊಮೈನ್‌ಗೆ ಪ್ರತಿ ವರ್ಷ ಬಾಡಿಗೆ ಕಟ್ಟಬೇಕು. ಕಟ್ಟದವರ ಹೆಸರು ಕೆಲವು ವಾರ ಕಾದು ಬೇರೆಯವರಿಗೆ ಹೋಗುತ್ತದೆ. ಯೂಸರ್‌ನೇಮ್ ಪುಕ್ಕಟೆ, ಅದಕ್ಕೇ ಹತ್ತು ವರ್ಷವಾದರೂ ಬಿಟ್ಟುಹೋದವರ ಹೆಸರಲ್ಲೇ ಕೂತಿರುತ್ತದೆ. ಬಾಡಿಗೆ ಇರುವುದರಿಂದಲೇ ನೀವು ಹುಡುಕುವ ಹೆಸರು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅದನ್ನು ಸದ್ಯಕ್ಕೆ ನಿಮ್ಮ ಇನ್‌ಸ್ಟಾಗ್ರಾಂ ಪುಟಕ್ಕೆ ತಿರುಗಿಸಿ. ಲೇಬಲ್ ಮೇಲೆ ಆ ಡೊಮೈನು, ಅದರದ್ದೇ ಕ್ಯೂಆರ್ ಕೋಡು. ಗಿರಾಕಿ ಮೊಬೈಲ್ ಹಿಡಿದರೆ ಸಾಕು, ಸ್ಪೆಲ್ಲಿಂಗ್ ಗೋಳೇ ಇಲ್ಲ. ನಾಳೆ ಬೈಕಿನವರು ಹೆಸರು ಬಿಟ್ಟುಕೊಟ್ಟರೂ, ಇನ್‌ಸ್ಟಾಗ್ರಾಂ ಬಿಟ್ಟು ನೀವು ಇನ್ನೆಲ್ಲಿಗೋ ಹೋದರೂ, ಡೊಮೈನ್ ತಿರುಗುವ ದಿಕ್ಕನ್ನು ಬದಲಿಸಿದರೆ ಮುಗಿಯಿತು. ಅಚ್ಚಾದ ಲೇಬಲ್ ಹಾಗೇ ನಡೆಯುತ್ತದೆ.

ಡೊಮೈನನ್ನು ವೆಬ್‌ಸೈಟ್ ಮಾಡಿಕೊಡುವ ಹುಡುಗನ ಹೆಸರಲ್ಲಿ ತೆಗೆಸಬೇಡಿ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಇರಲಿ. ತಾನಾಗಿ ನವೀಕರಣ ಆಗುವ ವ್ಯವಸ್ಥೆ ಹಾಕಿ. ಕಾರ್ಡು ಬದಲಾದರೆ ಅದು ನಿಂತುಹೋಗುತ್ತದೆ, ಅದಕ್ಕೇ ತಾರೀಕನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲೂ ಬರೆದಿಡಿ. ಹೊಸ ಕ್ಯಾಲೆಂಡರ್ ತಂದಾಗ ಆ ತಾರೀಕನ್ನು ಅತ್ತೆಯವರ ಕೈಯಲ್ಲಿ ಮತ್ತೆ ಬರೆಸಿ. ಮಿಡಿ ಹಾಕುವ ದಿನ ಮರೆಯದವರು ಇದನ್ನೂ ಮರೆಯುವುದಿಲ್ಲ.